ಎಷ್ಟು ನಿಧಾನ ಎಂದು ಬರೆಯಿರಿ

ಘಾಟಿ ರಸ್ತೆಯ ತಿರುವುಗಳಲ್ಲಿ ಸಾಮಾನ್ಯವಾಗಿ ಕಾಣುವ ಫಲಕ ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಎನ್ನುತ್ತದೆ. ಎಷ್ಟು ನಿಧಾನ ಎಂಬುದು ಚಾಲಕನ ಅಂದಾಜಿಗೆ ಬಿಟ್ಟಿದ್ದು. ಆ ಅಂದಾಜು ಕೈಕೊಡುವುದು ತಿರುವಿನಲ್ಲೇ. ಏಕೆಂದರೆ ವಾಹನವನ್ನು ದಾರಿ ಬಿಡದಂತೆ ಒಳಕ್ಕೆ ಎಳೆದಿಡಬೇಕಾದ ಕೇಂದ್ರಾಭಿಮುಖ ಬಲ ವೇಗದಷ್ಟೇ ಏರುವುದಿಲ್ಲ, ವೇಗದ ವರ್ಗದಷ್ಟು ಏರುತ್ತದೆ. ಗುಡ್ಡಗಾಡಿನ ಹೇರ್‌ಪಿನ್ ತಿರುವಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಕನಿಷ್ಠ ತ್ರಿಜ್ಯ 14 ಮೀಟರ್, ಕನಿಷ್ಠ ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ. ಅಂಥ ತಿರುವಿನಲ್ಲಿ 12 ಟನ್ ತೂಗುವ ಬಸ್ಸಿಗೆ 20ರ ವೇಗದಲ್ಲಿ ಬೇಕಾಗುವ ಬಲ ಸುಮಾರು 26,500 ನ್ಯೂಟನ್. ವೇಗ 30ಕ್ಕೆ ಏರಿದರೆ ಅದು 59,500ಕ್ಕೆ ಜಿಗಿಯುತ್ತದೆ. ಮುಳ್ಳು ಸರಿದದ್ದು ಹತ್ತೇ ಕಿ.ಮೀ.; ಬಲ ಮಾತ್ರ ಎರಡೂಕಾಲು ಪಟ್ಟು.

ಭಾರದ ಗಾಡಿ ರಸ್ತೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯಿದೆ. ತೂಕ ಹೆಚ್ಚಿದರೆ ಘರ್ಷಣೆ ಹೆಚ್ಚುವುದು ನಿಜ, ಆದರೆ ಬೇಕಾಗುವ ಬಲವೂ ಅಷ್ಟೇ ಹೆಚ್ಚುತ್ತದೆ. ಜಾರುವ ಲೆಕ್ಕದಲ್ಲಿ ತೂಕ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉರುಳುವ ಲೆಕ್ಕದಲ್ಲಿ ಎತ್ತರಕ್ಕೆ ಹೇರಿದ ಲಾರಿಯೇ ಮೊದಲು ಸೋಲುತ್ತದೆ. ಒಣ ಡಾಂಬರಿನ ಹಿಡಿತ ಸಾಕಷ್ಟಿದೆ, 20ರ ಮಿತಿ ಅತಿಯಾಯಿತು ಎನ್ನುವವರೂ ಇದ್ದಾರೆ. ಬೇಸಿಗೆಯ ಮಧ್ಯಾಹ್ನಕ್ಕೆ, ಹೊಸ ಟೈರಿನ ಕಾರಿಗೆ ಆ ಮಾತು ಒಪ್ಪಬಹುದು. ಆದರೆ ರಸ್ತೆಯ ಹೊರಬದಿಯನ್ನು ಶೇ 10ರಷ್ಟು ಎತ್ತರಿಸಿ ಕಟ್ಟಿದ್ದರೂ, 30ರ ವೇಗದಲ್ಲಿ ಟೈರಿನಿಂದ ಬೇಕಾಗುವ ಘರ್ಷಣಾಂಕ ಸುಮಾರು 0.4. ವಿನ್ಯಾಸಕಾರರು ಲೆಕ್ಕಕ್ಕೆ ಹಿಡಿಯುವುದು 0.15 ಮಾತ್ರ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಆಷಾಢದ ಮಳೆ ಹೊಯ್ಯುವಾಗ ಸವೆದ ಟೈರಿಗೆ ಆ 0.4 ಸಿಕ್ಕೇ ಸಿಗುತ್ತದೆಂದು ಯಾರು ಭರವಸೆ ಕೊಟ್ಟಾರು?

ತಿರುವನ್ನೇ ಅಗಲ ಮಾಡಿ ಎಂಬ ಬೇಡಿಕೆ ಪ್ರತಿ ಅಪಘಾತದ ನಂತರ ಏಳುತ್ತದೆ. ಗುಡ್ಡ ಕಡಿದು ತ್ರಿಜ್ಯವನ್ನು ಇಮ್ಮಡಿ ಮಾಡಿದರೆ ಬೇಕಾಗುವ ಬಲ ಅರ್ಧಕ್ಕಿಳಿಯುತ್ತದೆ. ವೇಗವನ್ನು ಅರ್ಧ ಮಾಡಿದರೆ ಕಾಲು ಭಾಗಕ್ಕೆ. ಎರಡನೆಯದಕ್ಕೆ ಮರ ಉರುಳಿಸಬೇಕಿಲ್ಲ, ಮಳೆಗಾಲಕ್ಕೆ ಗುಡ್ಡ ಕುಸಿಯುವ ಭಯವೂ ಇಲ್ಲ. ಫಲಕದಲ್ಲಿ ಅಂಕಿ ಬರೆದ ಮಾತ್ರಕ್ಕೆ ಎಲ್ಲರೂ ಪಾಲಿಸುವುದಿಲ್ಲ, ಸರಿ. ಅಂಕಿಯೇ ಇಲ್ಲದ ಕಡೆ ಪಾಲಿಸುವುದಾದರೂ ಏನನ್ನು? ಲೋಕೋಪಯೋಗಿ ಇಲಾಖೆ ಮತ್ತು ಹೆದ್ದಾರಿ ಅಧಿಕಾರಿಗಳು ಪ್ರತಿ ತಿರುವನ್ನೂ ಅಳೆದು, ಅದರದೇ ವೇಗವನ್ನು ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆಸಲಿ.