ಗ್ರಂಥಕರ್ತನು ಅಂಗಡಿಗೆ ಬರಲಿ

ಮಂಡ್ಯದಲ್ಲಿ ೨೦೨೪ನೆಯ ಇಸವಿ ಡಿಸೆಂಬರ್ ೨೦, ೨೧ ಮತ್ತು ೨೨ರಂದು ಶ್ರೀಮಾನ್ ಗೊ. ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ೮೭ನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಜರುಗಿದುದು ವಾಚಕರಿಗೆ ತಿಳಿದೇ ಇರುವುದಷ್ಟೆ. ಅದಕ್ಕೆ ಮೊದಲು ಅದೇ ಊರಿನಲ್ಲಿ ೧೯೭೪ರಲ್ಲಿ ಶ್ರೀಮತಿ ಜಯದೇವಿತಾಯಿ ಲಿಗಾಡೆಯವರೂ ೧೯೯೪ರಲ್ಲಿ ಚದುರಂಗರೂ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದರು. ಈ ಸಲದ ಸಮ್ಮೇಳನದಲ್ಲಿ ಬಾಡೂಟದ ಚರ್ಚೆಯು ಪತ್ರಿಕೆಗಳನ್ನು ತುಂಬಿತು. ಆ ಚರ್ಚೆಯನ್ನು ನಾವು ಹಗುರವೆಂದು ಎಣಿಸುವವರಲ್ಲ; ಒಟ್ಟಿಗೆ ಕುಳಿತು ಏನನ್ನು ಉಣ್ಣುವೆವೆಂಬುದೂ ನಾಡಿನ ಪ್ರಶ್ನೆಯೇ ಸರಿ. ಆದರೆ ಆ ಗದ್ದಲದಲ್ಲಿ ಪುಸ್ತಕದ ಮಳಿಗೆಗಳ ಮಾತು ಹಿಂದೆ ಬಿದ್ದಿತು. ಆ ಮೂರು ದಿನ ಅಲ್ಲಿ ಪುಸ್ತಕವನ್ನು ಕೈಯಲ್ಲಿ ತಿರುವಿ, ಬೆಲೆ ಕೇಳಿ, ಜೇಬು ತಡವಿ ಕೊಂಡವರು ಯಾರು? ಹಳ್ಳಿಯ ಉಪಾಧ್ಯಾಯರು, ಕಾಲೇಜಿನ ಹುಡುಗಿಯರು, ಕಬ್ಬಿನ ಹಣ ಕೈಗೆ ಬಂದ ರೈತರು. ನಾಲ್ಕನೆಯ ದಿನ ಮಳಿಗೆಯ ತಗಡು ಬಿಚ್ಚಿದ ಮೇಲೆ ಇವರು ಪುಸ್ತಕಕ್ಕೆ ಎಲ್ಲಿಗೆ ಹೋಗಬೇಕು? ಮುಂದಿನ ಸಮ್ಮೇಳನ ಮಂಡ್ಯಕ್ಕೆ ಬರುವವರೆಗೆ ಇನ್ನು ಇಪ್ಪತ್ತೋ ಮೂವತ್ತೋ ವರ್ಷ ಕಾಯತಕ್ಕದ್ದೆ?

ಮಳವಳ್ಳಿಯಂಥ ತಾಲ್ಲೂಕು ಕೇಂದ್ರವನ್ನು ಕಣ್ಣಮುಂದಿಟ್ಟುಕೊಂಡು ನಾವು ಈ ಮಾತನ್ನು ಬರೆಯುತ್ತಿರುವೆವು. ಇಂತಹ ಊರುಗಳಲ್ಲಿ ಪುಸ್ತಕದಂಗಡಿಯೆಂಬ ಫಲಕವಿರುವಲ್ಲಿ ಒಳಗೆ ಸಾಮಾನ್ಯವಾಗಿ ಕಾಣುವುದು ಪರೀಕ್ಷೆಯ ಗೈಡು, ನೋಟುಬುಕ್ಕು, ಭೂಪಟ, ಮದುವೆಯ ಕರೆಯೋಲೆಗಳ ಮಾದರಿ. ಇದಕ್ಕಾಗಿ ಅಂಗಡಿಯವನನ್ನು ದೂರುವುದು ಅನ್ಯಾಯ. ಕೇಳುವವರಿಲ್ಲದ ಸರಕನ್ನು ಹಲಗೆಯ ಮೇಲೆ ಇಟ್ಟುಕೊಂಡು ಧೂಳು ಹೊಡೆಯುತ್ತ ಕೂರಲು ಅವನೇನು ಮಠದ ಸ್ವಾಮಿಯೆ? ನಮ್ಮ ಸೂಚನೆಯಾದರೂ ಸಣ್ಣದು. ಆ ಅಂಗಡಿಯಲ್ಲಿಯೇ ಒಂದು ಮೂಲೆಯನ್ನು ತೆರವು ಮಾಡಿಸಿ, ತಿಂಗಳಿಗೊಂದು ಸಂಜೆ ಒಬ್ಬ ಗ್ರಂಥಕರ್ತನನ್ನು ಕರೆಯಿಸಿ ಕೂರಿಸಬೇಕು. ಅವನು ತನ್ನ ಪುಸ್ತಕದಿಂದ ನಾಲ್ಕು ಪುಟ ಓದಲಿ. ಬಂದವರು ಪ್ರಶ್ನೆ ಕೇಳಲಿ. ಹೋಗುವಾಗ ಹಣ ಕೊಟ್ಟು ಪುಸ್ತಕ ಕೊಂಡುಕೊಂಡು ಹೋಗಲಿ.

‘ಗ್ರಂಥಕರ್ತರನ್ನು ನಾವು ಕರೆಯುತ್ತಿಲ್ಲವೆ? ಮೊನ್ನೆ ತಾನೇ ಸನ್ಮಾನ ಮಾಡಿದೆವಲ್ಲ’ ಎಂದು ಕೆಲವರು ಕೇಳಬಹುದು. ಹೌದು, ಸನ್ಮಾನ ಮಾಡಿದಿರಿ. ಆ ಸಭೆಯ ಕ್ರಮವನ್ನು ಬಲ್ಲವರೇ ಬಲ್ಲರು. ಐದು ಗಂಟೆಯ ಸಭೆ ಆರೂವರೆಗೆ ಆರಂಭ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಹಚ್ಚುವುದು, ಉದ್ಘಾಟಕರ ಭಾಷಣ, ಮುಖ್ಯ ಅತಿಥಿಗಳ ಭಾಷಣ, ಮುಖ್ಯರಲ್ಲದ ಅತಿಥಿಗಳ ಇನ್ನೂ ದೀರ್ಘವಾದ ಭಾಷಣ. ಗ್ರಂಥಕರ್ತನಾದವನು ಗಂಧದ ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ಸರದಿ ಬರುವ ಹೊತ್ತಿಗೆ ಹಲಗೂರಿನ ಕಡೆಯ ಕೊನೆಯ ಬಸ್ಸು ಹೊರಟಿರುತ್ತದೆ. ಉಳಿದವರು ಅವನ ಬಂಧುಗಳು ಮತ್ತು ಶಾಮಿಯಾನದವರು. ಪುಸ್ತಕವೋ? ಅದನ್ನು ಬಣ್ಣದ ಕಾಗದದಿಂದ ಬಿಚ್ಚಿ, ಎದೆಯ ಮಟ್ಟಕ್ಕೆ ಹಿಡಿದು, ಚಿತ್ರ ತೆಗೆಸಿಕೊಂಡು, ವೇದಿಕೆಯ ಮೇಲಿನ ಎಲ್ಲರಿಗೂ ಒಂದೊಂದು ಗೌರವ ಪ್ರತಿ ಹಂಚಿ ಮುಗಿಸುವರು. ಅದನ್ನು ಓದಿದವರು ವೇದಿಕೆಯ ಮೇಲೆ ಎಷ್ಟು ಮಂದಿ ಎಂದು ಕೇಳುವುದು ಅವಿನಯವಾದೀತು. ಮಾರಾಟವಾದ ಪ್ರತಿ ಎಷ್ಟು ಎಂಬುದನ್ನಂತೂ ಯಾರೂ ಕೇಳುವುದಿಲ್ಲ; ಸಾಹಿತ್ಯದ ಸಭೆಯಲ್ಲಿ ದುಡ್ಡಿನ ಮಾತೇ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇನ್ನೂ ಉಂಟು.

ಈ ಮೂಗು ಮುರಿಯುವಿಕೆಗೆ ಆಧಾರವಿಲ್ಲ. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದ ಓದುಗವರ್ಗವೆಂಬುದು ಬಹುಮಟ್ಟಿಗೆ ಆ ಹೆಗಲಿನ ಮೇಲೆ ಬೆಳೆದು ಬಂದಿತೆಂದರೆ ಅತಿಶಯೋಕ್ತಿಯಲ್ಲ. ದಕ್ಷಿಣದಲ್ಲಿ ಜಿ. ಪಿ. ರಾಜರತ್ನಂ ಅವರೂ ಪುಸ್ತಕಗಳನ್ನು ತಾವೇ ಹೊತ್ತು ಮಾರಲು ನಾಚಲಿಲ್ಲ. ಇನ್ನು ಧಾರವಾಡದಲ್ಲಿ ‘ಜಡಭರತ’ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವನ್ನು ಕುರಿತು ಕೇಳದ ಕನ್ನಡಿಗನಿಲ್ಲ. ಅದು ಭವನವಲ್ಲ, ಸಭಾಂಗಣವಲ್ಲ; ಸುಭಾಸ ರಸ್ತೆಯ ಒಂದು ಮಹಡಿ ಅಷ್ಟೆ. ಚಂದಾದಾರರಿಂದ ಮುಂಗಡವಾಗಿ ಹಣ ಕೂಡಿಸಿ, ಪುಸ್ತಕ ಅಚ್ಚುಮಾಡಿ ಅವರಿಗೆ ಕಳುಹಿಸುವ ಏರ್ಪಾಡು ಅಲ್ಲಿ ನಡೆಯಿತು. ಬೇಂದ್ರೆಯವರು ಅಲ್ಲಿ ಕುಳಿತರು. ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿ ಕುಳಿತು ಹಸ್ತಪ್ರತಿಗಳನ್ನು ತೂಗಿ ನೋಡಿದರು. ತರುಣರಾಗಿದ್ದ ಗಿರೀಶ ಕಾರ್ನಾಡರ ‘ಯಯಾತಿ’ಯು ೧೯೬೧ರಲ್ಲಿ ಅಲ್ಲಿಂದಲೇ ಹೊರಬಿತ್ತು. ಬರೆಯುವವನೂ ಮಾರುವವನೂ ಓದುವವನೂ ಒಂದೇ ಚಾಪೆಯ ಮೇಲೆ ಕೂರುವ ಜಾಗದಲ್ಲಿ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವನ್ನು ನಾವು ಹುಡುಕಬೇಕಾಗಿಲ್ಲ.

ಅಂಗಡಿಯೇ ಮುಳುಗುವ ಸ್ಥಿತಿಗೆ ಬಂದಾಗ ಇಂತಹ ಕೂಟವು ಅದನ್ನು ಎತ್ತಿ ಹಿಡಿಯಬಲ್ಲದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಪ್ಯಾರಿಸ್ ಪಟ್ಟಣದ ಒಂದು ಸಂಗತಿಯನ್ನು ಹೇಳಬೇಕು. ಸಿಲ್ವಿಯಾ ಬೀಚ್ ಎಂಬ ಅಮೆರಿಕದ ಮಹಿಳೆ ೧೯೧೯ರಲ್ಲಿ ಅಲ್ಲಿ ‘ಷೇಕ್ಸ್‌ಪಿಯರ್ ಅಂಡ್ ಕಂಪನಿ’ ಎಂಬ ಇಂಗ್ಲಿಷ್ ಪುಸ್ತಕದಂಗಡಿಯನ್ನು ತೆರೆದರು. ಯಾರೂ ಅಚ್ಚುಮಾಡಲು ಒಪ್ಪದ ಜೇಮ್ಸ್ ಜಾಯ್ಸನ ‘ಯೂಲಿಸಿಸ್’ ಕಾದಂಬರಿಯನ್ನು ೧೯೨೨ರಲ್ಲಿ ಪ್ರಕಟಿಸಿದ್ದು ಈ ಅಂಗಡಿಯೇ. ಮುಂದೆ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಅದು ಮುಚ್ಚುವಂತಾದಾಗ ಆಂಡ್ರೆ ಜೀಡ್ ಮೊದಲಾದ ಲೇಖಕರು ೧೯೩೬ರಲ್ಲಿ ಒಂದು ಮಿತ್ರಮಂಡಲಿಯನ್ನು ಕಟ್ಟಿದರು. ವರ್ಷಕ್ಕೆ ೨೦೦ ಫ್ರಾಂಕು ಚಂದಾ ಕೊಟ್ಟವರಿಗೆ ಅಂಗಡಿಯೊಳಗೇ ಲೇಖಕರ ಓದು. ಜೀಡ್ ಓದಿದನು, ವ್ಯಾಲೆರಿ ಓದಿದನು, ಟಿ. ಎಸ್. ಎಲಿಯಟ್ಟನು ಇಂಗ್ಲೆಂಡಿನಿಂದ ಬಂದು ಓದಿದನು. ೧೯೪೧ರಲ್ಲಿ ಜರ್ಮನರ ಆಕ್ರಮಣದ ಕಾಲಕ್ಕೆ ಬಾಗಿಲು ಹಾಕುವವರೆಗೆ ಆ ಅಂಗಡಿ ನಿಂತಿತು. ಅಲ್ಲಿ ಲೇಖಕನು ಅಂಗಡಿಗೆ ಉಪಕಾರ ಮಾಡಿದನು. ನಮ್ಮ ಸಭೆಗಳಲ್ಲಾದರೋ ಪುಸ್ತಕದಂಗಡಿಯವನನ್ನು ಹೊರಬಾಗಿಲಲ್ಲಿ ಮೇಜು ಹಾಕಿಕೊಳ್ಳಲು ಬಿಟ್ಟರೆ ಅದೇ ದೊಡ್ಡ ದಾಕ್ಷಿಣ್ಯ.

ಲೆಕ್ಕವನ್ನೂ ನೋಡೋಣ. ಪುಸ್ತಕದ ಬೆಲೆ ೨೦೦ ರೂಪಾಯಿ. ಮಾರಾಟಗಾರನ ಪಾಲು ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಸಂಜೆಗೆ ಬಂದ ೬೦ ಮಂದಿಯಲ್ಲಿ ೪೦ ಜನ ಕೊಂಡರೆ ಅವನಿಗೆ ೨,೦೦೦ ರೂಪಾಯಿ ಉಳಿಯಿತು. ಚಹಾ, ದೀಪ, ಗ್ರಂಥಕರ್ತನ ಬಸ್ಸಿನ ಚಾರ್ಜು ಕಳೆದರೂ ನಷ್ಟವಿಲ್ಲ. ಶಾಮಿಯಾನವಿಲ್ಲ, ಹಾರವಿಲ್ಲ. ಆದರೆ ಗ್ರಂಥಕರ್ತನು ಸ್ನೇಹಕ್ಕೆ ಕಟ್ಟುಬಿದ್ದು ಪುಸ್ತಕವನ್ನು ಪುಕ್ಕಟೆ ಹಂಚಿದನೋ, ಅಲ್ಲಿಗೆ ಅಂಗಡಿಯವನ ಕಥೆ ಮುಗಿಯಿತು. ಎರಡನೆಯ ತಿಂಗಳು ಅವನು ಬಾಗಿಲನ್ನೇ ತೆರೆಯುವುದಿಲ್ಲ. ಆದುದರಿಂದ ಗೌರವ ಪ್ರತಿಯ ಪದ್ಧತಿಯನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಸರ್ಕಾರದ ಗ್ರಂಥಾಲಯಗಳ ಸಗಟು ಖರೀದಿಯನ್ನೇ ನೆಚ್ಚಿ ಪುಸ್ತಕ ಅಚ್ಚುಮಾಡುವ ಪ್ರಕಾಶಕರಿಗೂ ಇದೇ ಮಾತು ಸಲ್ಲುತ್ತದೆ. ಅಂಥ ಪುಸ್ತಕವು ಅಚ್ಚಿನ ಮನೆಯಿಂದ ನೇರವಾಗಿ ಬೀರುವಿಗೆ ಹೋಗುತ್ತದೆ. ನಡುವೆ ಒಬ್ಬ ಓದುಗನ ಮುಖವನ್ನೂ ನೋಡುವುದಿಲ್ಲ. ಮಂಗಳೂರಿನಲ್ಲಿ ೧೯೭೫ರಿಂದ ೨೦೧೨ರವರೆಗೆ ಅತ್ರಿ ಬುಕ್ ಸೆಂಟರನ್ನು ನಡೆಸಿದ ಶ್ರೀ ಜಿ. ಎನ್. ಅಶೋಕವರ್ಧನರು ಪುಸ್ತಕ ಮಾರಾಟವನ್ನು ‘ಹೋರಾಟ’ವೆಂದೇ ಕರೆದರು. ಆ ಅಂಗಡಿ ಈಗಿಲ್ಲ. ಅದು ಮುಚ್ಚಿದಾಗ ಕರಾವಳಿಯ ಓದುಗರು ಮರುಗಿದರು. ಮರುಗುವವರು ಮೊದಲೇ ತಿಂಗಳಿಗೊಮ್ಮೆ ಅಂಗಡಿಯ ಮೆಟ್ಟಿಲು ಹತ್ತುವುದನ್ನು ರೂಢಿ ಮಾಡಿಕೊಳ್ಳುವುದು ಮೇಲು.

‘ಬೆಂಗಳೂರಿನಲ್ಲಿ ಇದೆಲ್ಲ ನಡೆದೀತು, ಮಳವಳ್ಳಿಯಲ್ಲಿ ಕೇಳುವವರೆಲ್ಲಿ?’ ಎಂಬ ಆಕ್ಷೇಪವನ್ನು ನಾವು ಒಪ್ಪಲಾರೆವು. ಬೆಂಗಳೂರಿನ ‘ಅಟ್ಟ ಗಲಾಟ’ದಂಥ ಅಂಗಡಿಗಳಲ್ಲಿ ಗ್ರಂಥಕರ್ತರ ಸಂಜೆಗಳು ನಡೆಯುತ್ತ ಬಂದಿರುವುದು ನಿಜ. ಆದರೆ ಕೇಳುವ ವಿದ್ಯೆಯನ್ನು ಈ ತಾಲ್ಲೂಕಿಗೆ ಬೆಂಗಳೂರಿನವರು ಬಂದು ಕಲಿಸಬೇಕಾಗಿಲ್ಲ. ಮಂಟೇಸ್ವಾಮಿಯ ಪರಂಪರೆಯ ಮಠವಿರುವ ಬೊಪ್ಪೇಗೌಡನಪುರ ಈ ತಾಲ್ಲೂಕಿನದು. ಸಿದ್ದಪ್ಪಾಜಿಯು ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿದ ಹಲಗೂರು ಈ ತಾಲ್ಲೂಕಿನದು. ನೀಲಗಾರರು ತಂಬೂರಿ ಹಿಡಿದು ಕುಳಿತರೆ ಬೆಳಗಿನ ಜಾವದವರೆಗೆ ಕದಲದೆ ಕೇಳಿದವರ ಮೊಮ್ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಓದುತ್ತಿರುವರು. ಆ ಕಥೆಗಾರನಿಗೆ ಎತ್ತರದ ವೇದಿಕೆ ಇರಲಿಲ್ಲ. ಕೇಳುವವರು ಕೈಯಳತೆಯಲ್ಲಿ ಕುಳಿತಿದ್ದರು, ಕಥೆ ಮುಗಿದ ಮೇಲೆ ಕೈಲಾದುದನ್ನು ಕೊಟ್ಟರು. ಈ ಮಹಾಕಾವ್ಯವನ್ನು ವಿದ್ವಾಂಸರು ಬರೆದುಕೊಂಡು ದಪ್ಪ ಗ್ರಂಥಗಳಾಗಿ ಅಚ್ಚು ಹಾಕಿಸಿರುವರು; ಎಚ್. ಎಸ್. ಶಿವಪ್ರಕಾಶರು ಅದನ್ನು ನಾಟಕ ಮಾಡಿರುವರು. ಮೊದಲ ಸಂಜೆಗೆ ಇದಕ್ಕಿಂತ ಒಳ್ಳೆಯ ವಿಷಯ ಯಾವುದು? ಸಂಗ್ರಹಿಸಿದ ವಿದ್ವಾಂಸರೊಬ್ಬರನ್ನೂ ಹಾಡುವ ನೀಲಗಾರರೊಬ್ಬರನ್ನೂ ಅಕ್ಕಪಕ್ಕದಲ್ಲಿ ಕೂರಿಸಿ, ಅಚ್ಚಿನಲ್ಲಿ ಬಂದುದು ಎಷ್ಟು, ಬಾಯಲ್ಲಿ ಉಳಿದುದು ಎಷ್ಟು ಎಂದು ಹಲಗೂರಿನ ಮೇಷ್ಟರೊಬ್ಬರು ಎದ್ದು ಕೇಳಲಿ.

ಕೈಯೊಳಗಿನ ಫೋನಿನಲ್ಲಿ ಎಲ್ಲ ಲೇಖಕರ ಭಾಷಣವೂ ಸಿಗುವಾಗ ಇದೇಕೆ ಎನ್ನುವ ತರುಣರಿಗೆ ನಮ್ಮ ಉತ್ತರ ಒಂದೇ: ಫೋನಿಗೆ ಪ್ರಶ್ನೆ ಹಾಕಿ ಲೇಖಕನನ್ನು ತಡವರಿಸುವಂತೆ ಮಾಡಲಾಗುವುದಿಲ್ಲ.

ಇಷ್ಟರಮೇಲೆ, ನಾಡಿನ ಏಕೀಕರಣವನ್ನು ಬಯಸಿದವರು ಮರೆಯಲಾಗದ ವಿಷಯವೊಂದುಂಟು. ೧೯೫೬ನೆಯ ನವೆಂಬರ್ ೧ರಂದು ಕನ್ನಡದ ಸೀಮೆಗಳು ಒಂದು ಆಡಳಿತಕ್ಕೆ ಬಂದವು. ಕಾಸರಗೋಡು ಹೊರಗೆ ಉಳಿಯಿತು. ಭೂಪಟ ಕೂಡಿದ ಮೇಲೆ ಪುಸ್ತಕಗಳು ಕೂಡಿದವೆ? ರಾಯಚೂರಿನ ಕಥೆಗಾರನ ಪುಸ್ತಕ ಮಳವಳ್ಳಿಯ ಅಂಗಡಿಯಲ್ಲಿ ಎಂದಾದರೂ ಕಣ್ಣಿಗೆ ಬಿದ್ದೀತೆ? ಕಾಸರಗೋಡಿನ ಕವಿಯ ಕನ್ನಡವನ್ನು ಮದ್ದೂರಿನ ಕಿವಿ ಕೇಳಿದೆಯೆ? ಕೆ. ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ, ಪು. ತಿ. ನರಸಿಂಹಾಚಾರ್ಯರ ಮೇಲುಕೋಟೆ, ಎ. ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು ನಮ್ಮ ಜಿಲ್ಲೆಯವೆಂದು ಎದೆಯುಬ್ಬಿಸುವುದು ಸರಿಯೇ. ಆದರೆ ನಮ್ಮವರನ್ನೇ ನಾವು ಹೊಗಳಿಕೊಳ್ಳುತ್ತಿದ್ದರೆ ಸಾಲದು. ಮೂರು ಸಂಜೆಗಳಲ್ಲಿ ಒಂದಾದರೂ ದೂರದ ಸೀಮೆಯ ಲೇಖಕನದಾಗಲಿ. ಅವನ ದಾರಿಖರ್ಚನ್ನು ಊರಿನ ವಕೀಲರೂ ವೈದ್ಯರೂ ವರ್ತಕರೂ ಚಂದಾ ಎತ್ತಿ ಕೊಡತಕ್ಕದ್ದು. ಹಾರ ತುರಾಯಿಗೆ ಕೊಡುತ್ತಿದ್ದ ಹಣ ಅದಕ್ಕೆ ಸಾಕಾದೀತು.

ಏರ್ಪಾಡಿನ ಬಗೆಗೆ ಇನ್ನೆರಡು ಮಾತು. ಪುಸ್ತಕದ ಹತ್ತು ಪ್ರತಿಗಳು ಗ್ರಂಥಕರ್ತನಿಗಿಂತ ಹದಿನೈದು ದಿನ ಮೊದಲೇ ಅಂಗಡಿಗೆ ಬಂದಿರಬೇಕು. ಓದದೆ ಬಂದ ಸಭೆಯಿಂದ ‘ನಿಮಗೆ ಬರೆಯಲು ಪ್ರೇರಣೆ ಯಾರು’ ಎಂಬ ಒಂದೇ ಪ್ರಶ್ನೆ ಹೊರಡುವುದು. ಉಳಿದ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ಷರತ್ತನ್ನು ಪ್ರಕಾಶಕರು ಒಪ್ಪಬೇಕು. ಇಲ್ಲವಾದರೆ ಸಣ್ಣ ಅಂಗಡಿಯವನು ತರಿಸುವ ಧೈರ್ಯ ಮಾಡಲಾರನು. ಅಧ್ಯಕ್ಷರು ಬೇಡ. ಮುಂದಿನ ಸಾಲಿನ ಕುರ್ಚಿಗಳನ್ನು ಯಾರಿಗೂ ಕಾಯ್ದಿರಿಸಬಾರದು. ಸನ್ಮಾನದ ಸಭೆಯಲ್ಲಿ ಗೋಡೆಗೆ ಒರಗಿ ನಿಲ್ಲುವ ಕೇರಿಯ ಹುಡುಗನೂ ಬಾಗಿಲಿನಿಂದಲೇ ಹಿಂದಿರುಗುವ ಹೆಣ್ಣುಮಕ್ಕಳೂ ಇಲ್ಲಿ ಮೊದಲು ಬಂದರೆ ಮುಂದೆ ಕೂರಲಿ. ದಿನ ಶನಿವಾರ, ಹೊತ್ತು ನಾಲ್ಕೂವರೆ. ಹಳ್ಳಿಗಳ ಬಸ್ಸು ತಪ್ಪುವ ಮೊದಲು, ಏಳಕ್ಕೆ, ಮುಗಿಸಬೇಕು. ಬೆಂಚುಗಳನ್ನು ಹತ್ತಿರದ ಶಾಲೆಯಿಂದ ತರಬಹುದು. ಸೋಮವಾರ ಮೊದಲ ಗಂಟೆಗೆ ಮುನ್ನ ಹಿಂದಕ್ಕೆ ಮುಟ್ಟಿಸುವ ಹೊಣೆಯನ್ನು ಉಪಾಧ್ಯಾಯ ಮಿತ್ರರು ಹೊರಲಿ.