ಪ್ರವಾಸದಲ್ಲಿ ಅಮ್ಮನಿಗೂ ಇರಲಿ ಕಿಟಕಿ ಸೀಟು

ರಜೆ ಹತ್ತಿರ ಬಂತೆಂದರೆ ಮನೆಯಲ್ಲಿ ಪ್ರವಾಸದ ಮಾತು ಶುರು. ಎಲ್ಲಿಗೆ ಅನ್ನೋದನ್ನು ಮಕ್ಕಳು ಹೇಳುತ್ತಾರೆ. ಯಾವಾಗ ಅನ್ನೋದನ್ನು ಯಜಮಾನರ ಆಫೀಸು ಹೇಳುತ್ತೆ. ಚಕ್ಕುಲಿ ಡಬ್ಬ, ಪುಳಿಯೋಗರೆ ಗೊಜ್ಜು, ಅತ್ತೆಯವರ ಬಿ.ಪಿ. ಮಾತ್ರೆ, ಮಗುವಿನ ಸ್ವೆಟರು ನೆನಪಿಡುವ ಕೆಲಸ ಮಾತ್ರ ನಮ್ಮದು. ಹಿಂದಿನ ಸೀಟಿನ ಮಧ್ಯೆ ಕೂತು ಎಡಕ್ಕೆ ಬಿಸ್ಕತ್ತು, ಬಲಕ್ಕೆ ನೀರಿನ ಬಾಟಲಿ ಕೊಡುವಷ್ಟರಲ್ಲಿ ಘಟ್ಟವೇ ದಾಟಿರುತ್ತೆ! ವಾಪಸು ಬಂದ ಮೇಲೆ ಒಗೆಯುವ ಬಟ್ಟೆಯ ರಾಶಿಯೂ ನಮಗೇ. ಹೀಗಾದರೆ ಅದು ನಮಗೆ ಪ್ರವಾಸವೋ, ಗಾಲಿ ಮೇಲಿನ ಅಡುಗೆಮನೆಯೋ?

ಗೆಳತಿಯರೇ, ಈ ಸಲ ‘ಅದೆಲ್ಲಾ ಅವರೇ ನೋಡ್ಕೋತಾರೆ’ ಅನ್ನಬೇಡಿ. ನಕ್ಷೆಯನ್ನು ನೀವೇ ಕೈಗೆತ್ತಿಕೊಳ್ಳಿ. ಬೆಟ್ಟ, ಮಳೆಕಾಡು, ಕಡಲು ಮೂರನ್ನೂ ಐದೇ ದಿನದಲ್ಲಿ ನೋಡಬೇಕೆಂದರೆ ಹೊರರಾಜ್ಯಕ್ಕೆ ಹೋಗಬೇಕಿಲ್ಲ. ಕುದುರೆಮುಖ, ಆಗುಂಬೆ, ಮಲ್ಪೆ ಒಂದೇ ದಾರದಲ್ಲಿ ಪೋಣಿಸಿದ ಹಾಗಿವೆ.

ದಾರಿ ಹೀಗಿರಲಿ

ಮೊದಲ ದಿನ ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಕಳಸ. ಸುಮಾರು 320 ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟರೆ ಬೇಲೂರಿನಲ್ಲಿ ಕಾಲು ಚಾಚಿಕೊಂಡು ಸಂಜೆಯೊಳಗೆ ಸೇರಬಹುದು. ಹತ್ತಿರದಲ್ಲೇ ಹೊರನಾಡು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಪ್ರಸಾದದ ಊಟ ಇರುವಾಗ ರಾತ್ರಿಗೆಂದು ಚಪಾತಿ ಲಟ್ಟಿಸಿಕೊಂಡು ಹೋಗುವ ತಾಪತ್ರಯ ಯಾಕೆ?

ಎರಡನೆಯ ದಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 600 ಚದರ ಕಿ.ಮೀ. ಹಸಿರು ಹುಲ್ಲಿನ ಬೋಳು ಗುಡ್ಡ, ಅದರ ಮಡಿಲಿನಲ್ಲಿ ಕಪ್ಪಗೆ ಕಾಣುವ ಶೋಲಾ ಕಾಡು. ಮಳೆ ನೀರನ್ನು ಹಿಡಿದಿಟ್ಟುಕೊಂಡು ವರ್ಷವಿಡೀ ತೊರೆಗಳಿಗೆ ಬಿಡುವುದು ಈ ಜೋಡಿಯೇ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇಲ್ಲಿನ ಬೆಟ್ಟಗಳಲ್ಲೇ. ಇದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಅದು ನಿಂತಿತು. ಮಕ್ಕಳಿಗೆ ಇದನ್ನು ಹೇಳಿ. ಕಾಡು ತಾನಾಗಿ ಉಳಿಯೋದಿಲ್ಲ, ಯಾರೋ ಹೋರಾಡಿ ಉಳಿಸಿಕೊಟ್ಟದ್ದು ಅಂತ ಅವರಿಗೂ ತಿಳಿಯಲಿ.

ಅಲ್ಲಿಂದ ಎಸ್.ಕೆ. ಬಾರ್ಡರ್, ಕೆರೆಕಟ್ಟೆ ದಾಟಿದರೆ ಶೃಂಗೇರಿ. ಊಟ, ದರ್ಶನ ಮುಗಿಸಿ ಸುಮಾರು 30 ಕಿ.ಮೀ. ಹೋದರೆ ಆಗುಂಬೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು, ಕಾಳಿಂಗ ಸರ್ಪದ ತವರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಇಲ್ಲೇ. ಮೋಡವಿಲ್ಲದಿದ್ದರೆ ಸೂರ್ಯಾಸ್ತ ನೋಡಿ ರಾತ್ರಿ ಇಲ್ಲೇ ತಂಗಿ.

ಮೂರನೆಯ ದಿನ ಹಗಲು ಬೆಳಕಿನಲ್ಲೇ ಆಗುಂಬೆ ಘಾಟಿ ಇಳಿಯಿರಿ. ಹೇರ್‌ಪಿನ್ ತಿರುವುಗಳು ಮುಗಿದ ಮೇಲೆ ಸೋಮೇಶ್ವರ, ಹೆಬ್ರಿ, ಉಡುಪಿ. ಬರೀ 55 ಕಿ.ಮೀ. ಅಷ್ಟೆ, ಆತುರ ಬೇಡ.

ನಾಲ್ಕನೆಯ ದಿನ ಕಡಲಿಗೆ. ನಮ್ಮ ಕರಾವಳಿಯಲ್ಲಿ ಸಮುದ್ರದ ರಾಷ್ಟ್ರೀಯ ಉದ್ಯಾನ ಇಲ್ಲ. ಆದರೆ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾರಸ ತಣ್ಣಗಾಗಿ, ಯಾರೋ ಕೆತ್ತಿ ನಿಲ್ಲಿಸಿದಂತೆ ಕಂಬಗಳಾಗಿವೆ. ಸಂಜೆ ಮರವಂತೆ, ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಅರಬ್ಬಿ ಸಮುದ್ರ. ದಡದಲ್ಲಿ ಕೂತು ನೋಡಿ ಸಾಕು, ನೀರಿಗಿಳಿಯುವ ಸಾಹಸ ಬೇಡ. ಐದನೆಯ ದಿನ ಶಿರಾಡಿ ಘಾಟಿ, ಸಕಲೇಶಪುರದ ಮೂಲಕ ಮನೆ.

ಯಾವಾಗ ಹೊರಡಬೇಕು?

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪಕ್ಕೆ ದೋಣಿ ಇರೋದಿಲ್ಲ, ಘಟ್ಟದಲ್ಲಿ ಮಣ್ಣು ಕುಸಿಯುವ ಭಯ ಬೇರೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಕಾರಣ ಚಾರಣ ನಿಲ್ಲಿಸುವುದುಂಟು. ಬೆಟ್ಟ ಹತ್ತುವ ಆಸೆ ಇದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಪಡೆಯಿರಿ. ಅಲ್ಲಿ ಹೋಗಿ ಕೇಳಿದರಾಯ್ತು ಅಂದರೆ ಬರಿಗೈಲಿ ವಾಪಸಾಗಬೇಕಾದೀತು.

ಇವು ನೆನಪಿರಲಿ

* ಕಾಡಿನ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಟ್ಯಾಂಕ್ ತುಂಬಿಸಿ, ಕೈಯಲ್ಲಿ ನಗದು ಇಟ್ಟುಕೊಳ್ಳಿ.

* ಶೌಚಾಲಯದ ವಿಷಯಕ್ಕೆ ಸಂಕೋಚ ಬೇಡ. ಬೇಲೂರು, ಕಳಸ, ಶೃಂಗೇರಿಗಳಲ್ಲಿ ಮುಗಿಸಿಕೊಂಡೇ ಗಾಡಿ ಹತ್ತಿ. ‘ದಾರೀಲಿ ನಿಲ್ಲಿಸಬೇಕಾಗುತ್ತೆ’ ಅಂತ ನೀರು ಕುಡಿಯದೇ ಕೂರುವ ನಮ್ಮ ಹಳೇ ಅಭ್ಯಾಸ ಉರಿಮೂತ್ರಕ್ಕೆ ದಾರಿ. ತಿಂಗಳ ದಿನಗಳ ಲೆಕ್ಕವನ್ನೂ ನೋಡಿಯೇ ತಾರೀಕು ಗೊತ್ತು ಮಾಡಿ.

* ಘಟ್ಟದಲ್ಲಿ ವಾಂತಿಯಾಗುವ ಮಕ್ಕಳಿಗೆ ಎರಡು ಇಡ್ಲಿಗಿಂತ ಹೆಚ್ಚು ಬೇಡ. ಮಾತ್ರೆಯನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಂಡು, ಘಾಟಿಗೆ ಮುಂಚೆಯೇ ಕೊಡಿ.

* ಒದ್ದೆ ನೆಲದಲ್ಲಿ ಇಂಬಳ ಹತ್ತುತ್ತೆ. ಕಿತ್ತೆಳೆಯಬೇಡಿ, ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತೆ.

* ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. ಇದು ಉಣ್ಣೆಗಳ ಕಡಿತದಿಂದ ಬರುತ್ತೆ. ತರಗೆಲೆ ಮೇಲೆ ಕೂರಬೇಡಿ, ತುಂಬು ತೋಳು, ಉದ್ದ ಪ್ಯಾಂಟು ಇರಲಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೇ ಹೇಳಿ.

* ಸಿಂಗಳೀಕಕ್ಕೆ, ಕೋತಿಗೆ ಬಾಳೆಹಣ್ಣು ಎಸೆಯೋದು ಪುಣ್ಯವಲ್ಲ. ರುಚಿ ಹತ್ತಿ ರಸ್ತೆಗೆ ಬರುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಕಸಕ್ಕೊಂದು ಚೀಲ ಕಾರಿನಲ್ಲೇ ಇರಲಿ.

ಕೆಲಸ ಹಂಚಿ

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದದ್ದು. ಹೊರಡುವ ವಾರ ಮೊದಲು ಒಂದು ಹಾಳೆಯಲ್ಲಿ ಕೆಲಸಗಳನ್ನು ಬರೆದು, ಎದುರಿಗೆ ಹೆಸರುಗಳನ್ನೂ ಬರೆಯಿರಿ. ರೂಮು ಬುಕಿಂಗ್, ಟೈರಿನ ಗಾಳಿ ಯಜಮಾನರಿಗೆ. ತಮ್ಮ ತಮ್ಮ ಬ್ಯಾಗು ಮಕ್ಕಳಿಗೆ. ನೀರಿನ ಬಾಟಲಿ ದೊಡ್ಡ ಮಗನಿಗೆ. ಎಲ್ಲಕ್ಕೂ ನಿಮ್ಮ ಹೆಸರೇ ಬರೆಯಬೇಡಿ! ಅವರು ಒಂದೆರಡು ಮರೆತರೆ ಮರೆಯಲಿ, ಶೃಂಗೇರಿಯಲ್ಲೂ ಟೂತ್‌ಪೇಸ್ಟ್ ಸಿಗುತ್ತೆ.

ಮನೆಯವರು ಬೇಕಂತಲೇ ನಮ್ಮನ್ನು ಮಧ್ಯದ ಸೀಟಿನಲ್ಲಿ ಕೂರಿಸಿಲ್ಲ. ನಾವು ಕೇಳಲಿಲ್ಲ, ಅವರಿಗೆ ಹೊಳೆಯಲಿಲ್ಲ, ಅಷ್ಟೇ. ಆದ್ದರಿಂದ ಈ ಸಲ ಬಾಯಿಬಿಟ್ಟು ಕೇಳಿ. ಕುದುರೆಮುಖದ ಆ ಹಸಿರು ಗುಡ್ಡಗಳನ್ನು ನೋಡೋ ಆಸೆ ನಿಮಗೂ ಇದೆ ತಾನೇ?