ರವದಿಯ ಬೆಂಕಿ ಮತ್ತು ಶ್ರಾವಕನ ಅಹಿಂಸೆ

ಜೈನಧರ್ಮವು ಜೀವವನ್ನು ಕಣ್ಣಿಗೆ ಕಾಣುವ ಪ್ರಾಣಿಗಳಿಗೆ ಸೀಮಿತಗೊಳಿಸಲಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಸ್ಥಾವರ ಜೀವಗಳನ್ನೂ, ಹುಳು, ಇರುವೆ ಮೊದಲಾದ ತ್ರಸ ಜೀವಗಳನ್ನೂ ಅದು ಗುರುತಿಸಿತು. ವಿಜ್ಞಾನ ಹೇಳುವ ಸೂಕ್ಷ್ಮಾಣುಗಳೂ ಶಾಸ್ತ್ರೋಕ್ತ ಪೃಥ್ವೀಕಾಯಿಕ ಜೀವಗಳೂ ಒಂದೇ ಎಂದು ಸಮೀಕರಿಸಬೇಕಾಗಿಲ್ಲ. ಆದರೆ ಮಣ್ಣು ನಿರ್ಜೀವ ರಾಶಿಯಲ್ಲ ಎಂಬಲ್ಲಿ ಎರಡೂ ಸೇರುತ್ತವೆ. ಒಂದು ಚಮಚ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ.

ಹಾಗಿದ್ದರೆ ಒಕ್ಕಲುತನವೇ ಪಾಪವೇ? ಅಲ್ಲ. ಅಸಿ, ಮಸಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೊಡನೆ ಕೃಷಿಯನ್ನೂ ಲೋಕಕ್ಕೆ ಕಲಿಸಿದವನು ಆದಿ ತೀರ್ಥಂಕರ ವೃಷಭದೇವ. ಬದುಕಿಗಾಗಿ ದುಡಿಯುವಾಗ ಆಗುವ ಉದ್ಯೋಗಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಆದರೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಒಂದು ಗೆರೆ ಎಳೆದಿದ್ದಾರೆ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಪ್ರಮಾದಚರ್ಯೆ, ಅದು ಅನರ್ಥದಂಡ.

ಈ ಗೆರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬಿನ ಹೊಲಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಘಟಪ್ರಭೆಯ ನೀರುಂಡ ಈ ನೆಲದಲ್ಲಿ ಜೈನ ಒಕ್ಕಲು ಮನೆತನಗಳು ಅನೇಕ. ಕಟಾವು ಮುಗಿದೊಡನೆ ರವದಿಗೆ ಬೆಂಕಿ ಇಡುವ ರೂಢಿ ಇನ್ನೂ ಅಳಿದಿಲ್ಲ. ಆ ಬೆಂಕಿಯಲ್ಲಿ ಇರುವೆ, ಹುಳು, ಹಕ್ಕಿಗೂಡುಗಳು ಬೇಯುತ್ತವೆ. ಮೇಲ್ಪದರದ ಸೂಕ್ಷ್ಮಾಣುಗಳು ನಾಶವಾಗುತ್ತವೆ. ಆಳದಲ್ಲಿ ಉಳಿದವು ಮರಳಿ ಹೆಚ್ಚಬಲ್ಲವು, ಆದರೆ ಅವುಗಳ ಆಹಾರವಾದ ಸಾವಯವ ಇಂಗಾಲವೇ ಸುಟ್ಟುಹೋಗಿರುತ್ತದೆ. ರವದಿಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯಾಗುತ್ತದೆ. ಅದನ್ನೇ ರೈತ ಯೂರಿಯಾ ಚೀಲದಲ್ಲಿ ಕೊಂಡು ತರುತ್ತಾನೆ. ಅತಿಯಾಗಿ ನೀರು ಹಾಯಿಸಿದರೂ ಇದೇ ಕಥೆ. ಮಣ್ಣಿನ ರಂಧ್ರಗಳಲ್ಲಿ ಗಾಳಿ ಇಲ್ಲದೆ ಉಪಕಾರಿ ಜೀವಿಗಳು ಕುಗ್ಗುತ್ತವೆ, ಕ್ರಮೇಣ ಭೂಮಿ ಸವುಳಾಗುತ್ತದೆ.

ರೈತ ಕ್ರೂರತನದಿಂದ ಬೆಂಕಿ ಇಡುವುದಿಲ್ಲ. ಕೂಲಿಯಾಳು ಸಿಗುವುದಿಲ್ಲ, ಕೂಳೆ ಬೆಳೆಗೆ ತಡವಾಗುತ್ತದೆ, ಇಲಿಗಳ ಕಾಟವಿದೆ. ಈ ಕಷ್ಟಗಳು ನಿಜ. ಆದರೆ ಸುಡದೆ ಸಾಗುವ ದಾರಿ ಇರುವಾಗ ಸುಡುವುದು ಅನಿವಾರ್ಯದ ಪಟ್ಟಿಯಿಂದ ಜಾರಿ ಪ್ರಮಾದದ ಪಟ್ಟಿಗೆ ಸೇರುತ್ತದೆ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹೊದಿಸಿ, ಯಂತ್ರದಿಂದ ಕತ್ತರಿಸಿ, ಸಗಣಿ ಬಗ್ಗಡ ಹಾಕಿದರೆ ಅದೇ ಗೊಬ್ಬರವಾಗುತ್ತದೆ. ತೇವ ಉಳಿಯುತ್ತದೆ, ಎರೆಹುಳು ಮರಳುತ್ತದೆ.

ಹೊದಿಸಿದ ನೆಲದಲ್ಲೂ ಜೀವಿಗಳು ಹುಟ್ಟಿ ಸಾಯುತ್ತವಲ್ಲ ಎಂದು ಕೇಳಬಹುದು. ಸತ್ತ ಜೀವಗಳ ಲೆಕ್ಕವಷ್ಟೇ ಹಿಂಸೆಯ ಅಳತೆಯಲ್ಲ. ಪ್ರಮಾದಯೋಗದಿಂದ ಪ್ರಾಣ ತೆಗೆಯುವುದೇ ಹಿಂಸೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ನಿಲುವು. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದೂ ಆ ಗ್ರಂಥವೇ ಸಾರುತ್ತದೆ.

ನೀರು ಸೋಸಿ ಕುಡಿದು, ಕಂದಮೂಲ ತ್ಯಜಿಸಿ, ಸೂರ್ಯಾಸ್ತದೊಳಗೆ ಉಂಡು, ಮರುದಿನ ಹೊಲಕ್ಕೆ ಕಡ್ಡಿ ಗೀರಿದರೆ ಅಡುಗೆಮನೆಯಲ್ಲಿ ಪಾಲಿಸಿದ ವ್ರತ ಬದುವಿನಾಚೆ ಹೋಗಲಿಲ್ಲವೆಂದೇ ಅರ್ಥ. ಅಹಿಂಸಾಣುವ್ರತವನ್ನು ಬಸದಿಯಲ್ಲಿ ಸ್ವೀಕರಿಸುವ ಶ್ರಾವಕ ಅದನ್ನು ಹೊಲದಲ್ಲಿಯೂ ಪಾಲಿಸಲಿ.